ಪಕೀರಮ್ಮ ಮುಟ್ಟಿದ ಕಲ್ಲು

ಗೌರಿ ಹುಣ್ಣಿಮೆ ಹತ್ತಿರ ಬಂತೆಂದರೆ ಆದೋನಿಯ ಬಜಾರಿನಲ್ಲಿ ಸಕ್ಕರೆ ಗೊಂಬೆಯ ತಟ್ಟೆಗಳು ಸಾಲಾಗಿ ಕೂರುತ್ತಿದ್ದವು. ಆನೆ, ಒಂಟೆ, ನವಿಲು, ಬಸವಣ್ಣ, ಗೋಪುರ, ಯಾವುದಕ್ಕೂ ಕಡಿಮೆ ಇರಲಿಲ್ಲ. ಆದರೂ ಮನೆಗೆ ಹೊಸ ಸೊಸೆ ಗೊತ್ತಾಗಿ ಆಕೆಗೆ ಗೊಂಬೆ ಕಳಿಸಬೇಕಾದವರು, ಬೀಗರ ಎದುರು ಮಾತು ಬರಬಾರದು ಎನ್ನುವವರು, ಬಜಾರು ದಾಟಿ ಕೋಟೆ ಓಣಿಯ ಪಕೀರಮ್ಮನ ಬಾಗಿಲಿಗೇ ಹೋಗುತ್ತಿದ್ದರು. ಆಕೆಯ ಆನೆಗೆ ಕಾಲುಗುರು ಎಣಿಸಬಹುದಿತ್ತು. ಉಳಿದವರ ಆನೆ ದೂರದಿಂದ ಆನೆ, ಹತ್ತಿರ ಹೋದರೆ ಉಪ್ಪಿನ ಹೆಂಟೆ ಎಂದು ಆಕೆ ಹೇಳುತ್ತಿದ್ದಳು. ಹಿಂದೆ ಆಡುವ ಅಭ್ಯಾಸ ಆಕೆಗಿರಲಿಲ್ಲ, ಎದುರಿಗೇ ಹೇಳುತ್ತಿದ್ದಳು. ಅದಕ್ಕೇ ಆಕೆಗೆ ಗಿರಾಕಿಗಳು ಬಹಳ, ಗೆಳತಿಯರು ಕಡಿಮೆ.

ತಾಯಿಗೆ ಮೂರು ಕೂಸು ಕೈಬಿಟ್ಟ ಮೇಲೆ ದರ್ಗಾದ ಪಕೀರನಿಗೆ ಹರಕೆ ಹೊತ್ತು ಪಡೆದ ಮಗಳು, ಹಾಗಾಗಿ ಪಕೀರಮ್ಮ. ಹನ್ನೆರಡು ವರ್ಷದ ಮೇಲೆ ಸಂತೆಯ ದಿನ, ಸಂತೆಗೆ ಬಂದ ಬಂಡಿಯ ನೆರಳಿನಲ್ಲೇ ಹುಟ್ಟಿದ ತಮ್ಮ ಬಜಾರಪ್ಪ. ಪಕೀರಮ್ಮನ ಗಂಡ ಸತ್ತಾಗ ಮೈದುನರು ಹೊಲವನ್ನೆಲ್ಲ ತಮ್ಮತಮ್ಮಲ್ಲೇ ಹಂಚಿಕೊಂಡು, ಅತ್ತೆಯ ಕಾಲದ ಸಕ್ಕರೆ ಅಚ್ಚಿನ ಪೆಟ್ಟಿಗೆಯನ್ನು ಈಕೆಗೆ ಬಿಟ್ಟರು. ಬಿಡುವಾಗ ದೊಡ್ಡ ದಾನ ಮಾಡಿದವರ ಹಾಗೆ ಮುಖ ಮಾಡಿದರು. ಈಕೆ ಆ ಪೆಟ್ಟಿಗೆಯಿಂದಲೇ ಬದುಕಿದಳು. ಹುಣ್ಣಿಮೆ ಕಳೆದು ಅಚ್ಚುಗಳಿಗೆ ಕೆಲಸವಿಲ್ಲದ ತಿಂಗಳುಗಳಲ್ಲಿ ಪೆದ್ದಹರಿವಾಣಂ ಕಡೆಯ ಜೋಳದ ಹೊಲಗಳಿಗೆ ಕಳೆ ತೆಗೆಯಲು, ತೆನೆ ಮುರಿಯಲು ಹೋಗುತ್ತಿದ್ದಳು.

ಆ ಅಚ್ಚುಗಳು ತೇಗದ ಕಟ್ಟಿಗೆಯವು. ನೀರು ಕುಡಿದು ಕುಡಿದು ಕರ್ರಗಾಗಿದ್ದವು. ಹೊಸಬರಿಗೆ ಅವುಗಳೊಳಗೆ ಏನಿದೆಯೆಂದು ತಿಳಿಯುತ್ತಿರಲಿಲ್ಲ. ಯಾಕೆಂದರೆ ಅಚ್ಚಿನೊಳಗೆ ಎಲ್ಲವೂ ತಿರುಗುಮುರುಗು. ಗೊಂಬೆಯಲ್ಲಿ ಗುಡ್ಡೆಯಾಗಿ ಬರಬೇಕಾದ ಹೊಟ್ಟೆ ಅಚ್ಚಿನಲ್ಲಿ ಕುಣಿ. ಅಚ್ಚಿನಲ್ಲಿ ಎಡಕ್ಕೆ ನೋಡುವ ನವಿಲು ಸಕ್ಕರೆಯಾಗಿ ಹೊರಬಂದಾಗ ಬಲಕ್ಕೆ ನೋಡುತ್ತದೆ. ಪಕೀರಮ್ಮ ಅಚ್ಚನ್ನು ಕಣ್ಣಿನಿಂದ ನೋಡುತ್ತಲೇ ಇರಲಿಲ್ಲ. ನೀರಿನ ಕೊಪ್ಪರಿಗೆಗೆ ಕೈ ಇಳಿಬಿಟ್ಟು, ಹೆಬ್ಬೆರಳನ್ನು ಒಳಗೆ ಆಡಿಸಿ, ಇದು ಒಂಟೆ, ಇದರ ಬಾಲ ಸವೆದೈತಿ, ಇದಕ್ಕೆ ಮೇಣ ಹಚ್ಚಬೇಕು ಎನ್ನುವಳು. ಸೀರೆಯ ಸೆರಗಿನ ಗಂಟಿನಲ್ಲಿ ಸದಾ ಒಂದು ಉಂಡೆ ಜೇನುಮೇಣ ಇರುತ್ತಿತ್ತು, ಬಿರುಕು ಬಿಟ್ಟ ಅಚ್ಚುಗಳಿಗೆ ತುಂಬಲು.

"ಕಣ್ಣು ಸುಳ್ಳು ಹೇಳ್ತಾವ," ಎಂದು ಕಲಿಯಲು ಬಂದ ಹುಡುಗಿಯರಿಗೆ ಹೇಳುತ್ತಿದ್ದಳು. "ಬೆಳಕು ಈ ಕಡಿಗೆ ಬಿದ್ರ ತಗ್ಗು ಉಬ್ಬಾಗಿ ಕಾಣ್ತೈತಿ. ಬೆರಳಿಗೆ ಬೆಳಕೂ ಇಲ್ಲ, ನೆರಳೂ ಇಲ್ಲ. ಮುಟ್ಟಿ ನೋಡ್ರಿ."

ಮುಟ್ಟದೆ ನೋಡುವವರ ಮೇಲೆ ಆಕೆಗೆ ಒಂದು ಬಗೆಯ ಅಸಡ್ಡೆ. ಆ ಅಸಡ್ಡೆಗೆ ಪ್ರೊಫೆಸರ್ ಚನ್ನಬಸಯ್ಯನವರಿಗಿಂತ ಒಳ್ಳೆಯ ಗಿರಾಕಿ ಆದೋನಿಯಲ್ಲಿ ಸಿಗುವಂತಿರಲಿಲ್ಲ.

ಚನ್ನಬಸಯ್ಯನವರು ಮದ್ರಾಸಿನಲ್ಲಿ ಮೂವತ್ತು ವರ್ಷ ಹುಳುಗಳ ಪಾಠ ಹೇಳಿ, ಪಿಂಚಣಿ ಪಡೆದು, ಮಾವ ಕಟ್ಟಿಸಿದ ಮಾಳಿಗೆ ಮನೆಗೆ ಬಂದು ಸೇರಿದವರು. ಮಾವ ಭೀಮಲಿಂಗಯ್ಯ ಆಲೂರಿನ ಅರಳೆ ವ್ಯಾಪಾರಿ. ಅಳಿಯನನ್ನು ಓದಿಸಿದ್ದೂ ಅವರೇ, ಸಾಯುವಾಗ ಮನೆಯನ್ನು ಮಗಳು ಹೂವಮ್ಮನ ಹೆಸರಿಗೆ ಬರೆದದ್ದೂ ಅವರೇ. ಅಳಿಯ ತನ್ನ ಬುದ್ಧಿಯಿಂದ ಮೇಲೆ ಬಂದೆನೆಂದು ಹೇಳಿಕೊಳ್ಳುತ್ತಿದ್ದರು. ಮಾವ ಬದುಕಿರುವವರೆಗೆ ಮೆತ್ತಗೆ, ಸತ್ತ ಮೇಲೆ ಜೋರಾಗಿ. ಊರಿನವರು ಎದುರಿಗೆ ಪ್ರೊಫೆಸರ್ ಸಾಹೇಬ್ರೇ ಎನ್ನುವರು, ಅವರು ಓಣಿಯ ತಿರುವು ದಾಟಿದೊಡನೆ ಹುಳದಯ್ಯ ಎನ್ನುವರು.

ಅವರ ಮನೆಯ ದೊಡ್ಡ ಕೋಣೆಯಲ್ಲಿ ಮನುಷ್ಯರು ಕೂರಲು ಜಾಗವಿರಲಿಲ್ಲ. ಗಾಜಿನ ಮುಚ್ಚಳದ ಪೆಟ್ಟಿಗೆಗಳಲ್ಲಿ ಸೂಜಿ ಚುಚ್ಚಿಸಿಕೊಂಡ ಹುಳುಗಳು, ಕಟ್ಟಿಗೆಯ ಡಬ್ಬಿಗಳಲ್ಲಿ ಕಲ್ಲುಗಳು. ಗೋದಾವರಿಯ ಆಚೆ ಯಾವುದೋ ಸುಣ್ಣಗಲ್ಲಿನ ಗಣಿಯಿಂದ ಎರಡು ಪೆಟ್ಟಿಗೆ ಕಲ್ಲು ತಂದಿದ್ದರು. ಕೋಟಿಗಟ್ಟಲೆ ವರ್ಷದ ಹಿಂದೆ ಕೆಸರಿಗೆ ಬಿದ್ದ ಹುಳದ ರೆಕ್ಕೆ ಅಲ್ಲೇ ಒತ್ತಿಹೋಗಿ, ಕೆಸರು ಕಲ್ಲಾಗಿ, ರೆಕ್ಕೆಯ ಗುರುತು ಉಳಿದಿತ್ತು. ಅಂಗೈ ನೋಡಿ ಹಣೆಬರಹ ಹೇಳುವವರ ಹಾಗೆ ಪ್ರೊಫೆಸರರು ಭೂತಗನ್ನಡಿ ಹಿಡಿದು ಆ ರೆಕ್ಕೆಯ ನರಗಳನ್ನು ಎಣಿಸುವರು. ಯಾವ ನರ ಎಲ್ಲಿ ಹುಟ್ಟಿ ಎಲ್ಲಿ ಕವಲೊಡೆಯಿತೆಂದು ನೋಡಿ, ಇದು ಇಂಥ ಕುಲದ್ದು, ಇದು ಇಂಥ ಜಾತಿಯದ್ದು ಎಂದು ಚೀಟಿ ಅಂಟಿಸುವರು. ಮನುಷ್ಯರಿಗೂ ಮನಸ್ಸಿನಲ್ಲಿ ಹಾಗೇ ಚೀಟಿ ಅಂಟಿಸಿದ್ದರು: ಓದದವರು, ಓದಿದವರು, ಓದಿಯೂ ತಿಳಿಯದವರು. ಮೂರನೆಯ ಡಬ್ಬಿಯಲ್ಲಿ ಉಳಿದ ಪ್ರೊಫೆಸರರೆಲ್ಲ ಇದ್ದರು.

ಆ ಕೋಣೆಗೆ ಬಜಾರಪ್ಪ ಜವಾನ. ಆರು ವರ್ಷದಿಂದ ಗುಡಿಸುವುದು, ಹುಳು ಹಿಡಿಯದಂತೆ ಹುಳುಗಳಿಗೆ ನುಸಿಗುಳಿಗೆ ಇಡುವುದು, ಕೇಳಿದ ಡಬ್ಬಿ ತಂದು ಕೊಡುವುದು ಅವನ ಕೆಲಸ. ಡಬ್ಬಿಗಳ ಮೇಲಿನ ಇಂಗ್ಲಿಷು ಅವನಿಗೆ ಬರುತ್ತಿರಲಿಲ್ಲ. ಆದರೂ ಮುನ್ನೂರು ಡಬ್ಬಿಗಳಲ್ಲಿ ಯಾವುದು ಎಲ್ಲಿದೆಯೆಂದು ಗೊತ್ತಿದ್ದದ್ದು ಅವನೊಬ್ಬನಿಗೇ. ಕಲ್ಲನ್ನು ಮುಟ್ಟಲು ಮಾತ್ರ ಅಪ್ಪಣೆಯಿರಲಿಲ್ಲ. ಪ್ರೊಫೆಸರರೂ ಮುಟ್ಟುತ್ತಿರಲಿಲ್ಲ, ಇಕ್ಕಳದಲ್ಲಿ ಎತ್ತಿಟ್ಟು ಕಣ್ಣು ಕಿರಿದು ಮಾಡಿ ನೋಡುವರು.

ಅವರ ಹೆಮ್ಮೆಯೆಲ್ಲ ಎರಡು ಕಲ್ಲಿನ ಮೇಲೆ, ಹದಿನಾಲ್ಕನೆಯದು ಮತ್ತು ಹದಿನೈದನೆಯದು. ಎರಡರಲ್ಲೂ ಹುಣಸೆ ಬೀಜದಷ್ಟು ಉದ್ದದ ಒಂದೊಂದು ರೆಕ್ಕೆ. ಹದಿನಾಲ್ಕನೆಯದು ಮರದಲ್ಲಿ ಕೂತು ಚೀರುವ ಜೀರುಂಡೆಯ ಹೊಸ ಜಾತಿ ಎಂದು ಒಂದು ವರ್ಷ ಮದ್ರಾಸಿನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ, ಅದಕ್ಕೆ ಮಾವ ಭೀಮಲಿಂಗಯ್ಯನವರ ಹೆಸರಿಟ್ಟರು. ಹೂವಮ್ಮ ಹಟ ಹಿಡಿದಿದ್ದಳು. ಮರುವರ್ಷ ಹದಿನೈದನ್ನು ಅಚ್ಚು ಹಾಕಿಸಿದರು. ಅದು ಇನ್ನೂ ಹೊಸದು, ಇನ್ನೂ ಅಪರೂಪದ್ದು. ತನ್ನ ಹೆಸರನ್ನು ತಾನೇ ಇಡುವುದು ಆ ವಿದ್ಯೆಯಲ್ಲಿ ನಾಚಿಕೆಗೇಡಿನ ಕೆಲಸವಂತೆ. ಆದ್ದರಿಂದ ಮನೆದೇವರ ಹೆಸರು ಇಟ್ಟಿದ್ದೇನೆ ಎಂದು ಬರೆದರು. ಮನೆದೇವರು ಚನ್ನಬಸವಣ್ಣ.

ಹೀಗೆ ಮಾವ ಒಂದು ಡಬ್ಬಿಯಲ್ಲಿ, ಅಳಿಯ ಇನ್ನೊಂದು ಡಬ್ಬಿಯಲ್ಲಿ ಸುಖವಾಗಿದ್ದಾಗ ಕಲ್ಕತ್ತೆಯಿಂದ ಒಂದು ಕಾಗದ ಬಂತು. ಬರೆದವರು ಇದೇ ವಿದ್ಯೆಯಲ್ಲಿ ಹೆಸರಾದ ಪಂಡಿತರು. ಇಂಥ ಕಲ್ಲು ಪದರದಲ್ಲಿ ಸೀಳಿದಾಗ ಎರಡು ಹೋಳಾಗುತ್ತದಲ್ಲ, ನಿಮ್ಮ ಹದಿನಾಲ್ಕರ ಜೋಡಿ ಹೋಳು ಎಲ್ಲಿ, ಹದಿನೈದರ ಜೋಡಿ ಎಲ್ಲಿ, ನಾನು ಮುಂದಿನ ತಿಂಗಳು ಮದ್ರಾಸಿನಿಂದ ಬೊಂಬಾಯಿಗೆ ಹೋಗುವಾಗ ಆದೋನಿಯಲ್ಲಿ ಇಳಿದು ನಾಲ್ಕೂ ಹೋಳು ನೋಡುತ್ತೇನೆ ಎಂದು ಕೇಳಿದ್ದರು.

ಪ್ರೊಫೆಸರರು ಕಾಗದವನ್ನು ಎರಡು ಸಲ ಓದಿದರು. ಜೋಡಿ ಹೋಳಿನ ವಿಷಯ ಅವರಿಗೆ ತಿಳಿಯದ್ದಲ್ಲ. ಮೂವತ್ತು ವರ್ಷ ಅದನ್ನೇ ಪಾಠ ಹೇಳಿದ್ದರು. ಆದರೆ ತಾವು ಎರಡು ಹೆಸರಿಟ್ಟ ಮೇಲೆ ಅವು ಎರಡೇ. ಎರಡಕ್ಕೂ ಒಂದೊಂದು ಜೋಡಿ ಇದ್ದಿರಬೇಕು. ಇದ್ದದ್ದು ಈಗ ಇಲ್ಲವೆಂದರೆ ಯಾರೋ ಕದ್ದಿರಬೇಕು. ಆ ಕೋಣೆಗೆ ಬರುವವನು ಒಬ್ಬನೇ. ಓದಿದ ತಲೆ ಅಷ್ಟು ದೂರ ಸರಾಗವಾಗಿ ನಡೆದು ಅಲ್ಲೇ ಕುಳಿತುಬಿಟ್ಟಿತು.

ಒಳಗೆ ಕರೆದು ಕೇಳಬಹುದಿತ್ತು. ಕೇಳಲಿಲ್ಲ. ಎದುರಿನ ಎಣ್ಣೆ ಅಂಗಡಿಯ ಮುಂದೆ ಹತ್ತು ಮಂದಿ ನಿಂತಿದ್ದ ಹೊತ್ತಿನಲ್ಲಿ ಬಾಗಿಲಿಗೆ ಬಂದು, "ಇವನು ನನ್ನ ಮನೆಯ ಅನ್ನ ತಿಂದು ನನ್ನ ಎರಡು ಕಲ್ಲು ಕದ್ದು ಮಾರಿದ್ದಾನೆ. ನೀವೆಲ್ಲ ಸಾಕ್ಷಿ. ಹುಣ್ಣಿಮೆಯೊಳಗೆ ತಂದಿಡದಿದ್ದರೆ ಠಾಣೆಗೆ ಬರೆದುಕೊಡುತ್ತೇನೆ," ಎಂದರು. ಹುಣ್ಣಿಮೆಗೆ ಒಂಬತ್ತು ದಿನ ಉಳಿದಿತ್ತು.

ಬಜಾರಪ್ಪ ಆ ದಿನವೆಲ್ಲ ಅವರ ಹಿತ್ತಲಿನ ಕಸದ ಗುಂಡಿ ಕೆದರಿದ. ಸಂಜೆಗೆ ಅಕ್ಕನ ಮನೆಗೆ ಬಂದು ಗೋಡೆಗೆ ಒರಗಿ ಕೂತ. ಪಕೀರಮ್ಮ ಸಕ್ಕರೆ ಪಾಕಕ್ಕೆ ಹಾಲು ಬಿಟ್ಟು ಮೇಲೆ ಬಂದ ಕೊಳೆ ತೆಗೆಯುತ್ತಿದ್ದಳು. ಬಾಗಿಲಲ್ಲಿ ಪಕ್ಕದ ಮನೆಯ ಹುಸೇನಮ್ಮ ನಿಂತಿದ್ದಳು, ಮುಖದಲ್ಲಿ ಮರುಕ ಇಟ್ಟುಕೊಂಡು.

"ನಿನ್ನ ತಮ್ಮ ಕಲ್ಲು ಕದ್ದಾನಂತಲ್ಲ ಪಕೀರಮ್ಮ," ಎಂದಳು ಹುಸೇನಮ್ಮ. "ಆ ಮಾಳಿಗಿ ಮನ್ಯಾಗ ಕದಿಯಾಕ ಬ್ಯಾರೆ ಏನೂ ಸಿಗಲಿಲ್ಲೇನ ಅವಗ?"

"ಬೆಟ್ಟ ಕದ್ದು ಗೋಲಿ ಆಡಬೇಕು ಅಂತಿದ್ದ, ಎತ್ತಾಕ ಆಗಲಿಲ್ಲ," ಎಂದಳು ಪಕೀರಮ್ಮ, ಸೌಟು ನಿಲ್ಲಿಸದೆ. "ನಿಮ್ಮ ಹಿತ್ತಲದಾಗ ಕಲ್ಲು ಅದಾವಲ್ಲ, ಎಣಿಸಿಕೋ ಹೋಗು."

ಹುಸೇನಮ್ಮ ಹೋದ ಮೇಲೆ ತಮ್ಮನ ಕಡೆ ತಿರುಗಿದಳು. "ಕದ್ದೀಯೇನಲೇ?"

"ಇಲ್ಲಕ್ಕ. ಆ ಕಲ್ಲಿಗೆ ಜೋಡಿ ಇದ್ದದ್ದ ನಾ ಕಾಣೆ."

"ಮತ್ತ ಕಸದ ಗುಂಡಿ ಯಾಕ ಕೆದರಿದಿ? ಕದಿಯದವ ಹುಡುಕ್ತಾನೇನು? ಹುಡುಕಿದ್ದು ನೋಡಿ ಮಂದಿ ಖರೇನ ಅಂತಾರ."

ಬಜಾರಪ್ಪ ಇನ್ನೊಂದು ಸುದ್ದಿಯನ್ನೂ ತಂದಿದ್ದ. ಕೋಸಗಿಯಲ್ಲಿ ಅವನ ಮಗಳಿಗೆ ಗಂಡು ನೋಡಿದ್ದರು, ಹುಣ್ಣಿಮೆಯ ಮೇಲೆ ಎಲೆ ಅಡಿಕೆ ಹಿಡಿಯುವುದಿತ್ತು. ಸುದ್ದಿ ಮಧ್ಯಾಹ್ನದ ರೈಲಿನಲ್ಲೇ ಕೋಸಗಿ ಮುಟ್ಟಿತ್ತು. ಸ್ವಲ್ಪ ತಡೀರಿ, ಠಾಣೆ ಮಾತು ಮುಗೀಲಿ ಎಂದು ಗಂಡಿನವರು ಹೇಳಿ ಕಳಿಸಿದ್ದರು. ಅದನ್ನು ಹೇಳುವಾಗ ಅವನ ತಲೆ ತಗ್ಗಿತು. ಪಕೀರಮ್ಮ ಪಾಕವನ್ನು ಒಲೆಯಿಂದ ಇಳಿಸಿದಳು. ಹದ ತಪ್ಪುವುದರಲ್ಲಿತ್ತು; ಆಕೆಯ ಜೀವಮಾನದಲ್ಲಿ ಪಾಕ ಹದ ತಪ್ಪಿದ್ದೇ ಇಲ್ಲ.

ಮರುದಿನ ಬೆಳಿಗ್ಗೆ ಆಕೆ ಹೂವಮ್ಮನ ಮನೆಗೆ ಹೋದಳು. ಹೋಗಲು ನೆಪ ಹುಡುಕಬೇಕಾಗಿರಲಿಲ್ಲ. ಹೂವಮ್ಮ ಸೊಸೆಯಾಗುವ ಹುಡುಗಿಗೆ ಹುಣ್ಣಿಮೆಯ ಸಕ್ಕರೆ ಗೊಂಬೆಗಳ ಆರತಿ ಕಳಿಸಬೇಕಿತ್ತು. ಎಷ್ಟು ಆನೆ, ಎಷ್ಟು ನವಿಲು ಎಂದು ಕೇಳಬೇಕಿತ್ತು. ಹೂವಮ್ಮ ಒಳ್ಳೆಯವಳೇ, ಗಂಡ ಮಾತಾಡುವಾಗ ಅಕ್ಕಿ ಆರಿಸುವುದನ್ನು ಕಲಿತಿದ್ದಳು. ಗೊಂಬೆಗಳ ಮಾತು ಮುಗಿದ ಮೇಲೆ ಪಕೀರಮ್ಮ, "ಅಮ್ಮಾರ, ನನ್ನ ತಮ್ಮ ಕದ್ದ ಕಲ್ಲು ಹೆಂಗ ಇರ್ತಾವ ಅಂತ ನೋಡಬೇಕ್ರಿ. ಹುಡುಕಾಕ ಗುರುತು ಬೇಕಲ್ಲ," ಎಂದಳು.

ಹೂವಮ್ಮ ಅಕ್ಕಿಯ ಮೊರ ಕೆಳಗಿಟ್ಟು ಎದ್ದಳು. "ಏನ್ರಿ, ಆ ಎರಡು ಕಲ್ಲು ಆಕಿಗೆ ತೋರಸ್ರಿ. ನೋಡಿದ್ರ ಸವೀತಾವೇನು?"

ಪ್ರೊಫೆಸರರಿಗೆ ತೋರಿಸುವ ಚಪಲ ಇದ್ದೇ ಇತ್ತು. ನೋಡುವವರು ಯಾರೆಂಬುದು ಎರಡನೆಯ ಮಾತು. ಕಿಟಕಿಯ ಬಳಿಯ ಮೇಜಿನ ಮೇಲೆ ಎರಡು ಡಬ್ಬಿ ತೆಗೆದಿಟ್ಟರು. ಅಕ್ಕನ ಹಿಂದೆ ಬಂದ ಬಜಾರಪ್ಪ ಬಾಗಿಲ ಹೊರಗೆ ಕೈಕಟ್ಟಿ ನಿಂತಿದ್ದ. ಹದಿನಾಲ್ಕನೆಯದು ಬೂದು ಬಣ್ಣದ ಚೌಕದ ಕಲ್ಲು. ಹದಿನೈದನೆಯದು ಹಳದಿ, ಗುಂಡಗೆ, ಮಿರಮಿರ ಮಿಂಚುತ್ತಿತ್ತು.

"ಇದ್ಯಾಕ ಬಂಗಾರದಂಗ ಹೊಳೀತೈತ್ರಿ ಅಯ್ಯನವ್ರ?"

"ಕಾಪಾಡಲೆಂದು ವಾರ್ನೀಸು ಹಚ್ಚಿದ್ದೇನೆ. ಡಬ್ಬಿಗೆ ಹೊಂದುವಂತೆ ಅಂಚು ಕೂಡ ಕೆತ್ತಿದ್ದೇನೆ. ಅದೆಲ್ಲ ನಿನಗೆ ತಿಳಿಯುವುದಿಲ್ಲ."

"ಇದಕ್ಕ ಹಚ್ಚಿಲ್ಲಲ್ರಿ."

"ವಾರ್ನೀಸು ಮುಗಿಯಿತು," ಎಂದರು ಪ್ರೊಫೆಸರರು.

ಪಕೀರಮ್ಮ ಬಗ್ಗಿದಳು. ಆಕೆಯ ಹೆಬ್ಬೆರಳು ತಾನೇ ಮುಂದೆ ಹೋಗಿ ಹದಿನಾಲ್ಕರ ಮೇಲೆ ಕೂತಿತು.

"ಮುಟ್ಟಬೇಡ. ನಿನ್ನ ಕೈಯ ಎಣ್ಣೆ ತಗುಲುತ್ತದೆ."

"ನನ್ನ ಕೈಯಾಗ ಎಣ್ಣಿ ಇಲ್ರಿ, ಸಕ್ಕರಿ ಐತಿ," ಎನ್ನುತ್ತ ಆಕೆ ಎಡಗೈ ಹೆಬ್ಬೆರಳನ್ನು ಹದಿನೈದರ ಮೇಲಿಟ್ಟಳು. ಕಣ್ಣು ಮುಚ್ಚಿಕೊಂಡಳು. ಎರಡು ಬೆರಳೂ ನಿಧಾನವಾಗಿ ಒಂದೇ ಹೆಜ್ಜೆಯಲ್ಲಿ ರೆಕ್ಕೆಯ ಬುಡದಿಂದ ತುದಿಗೆ ನಡೆದವು. ಒಂದು ಕಡೆ ನಿಂತವು. ಮತ್ತೆ ನಡೆದವು. ಕಣ್ಣು ತೆರೆದು ಪ್ರೊಫೆಸರರನ್ನು ಆಕೆ ನೋಡಿದ ನೋಟ, ಸುಟ್ಟ ಪಾಕ ತಂದು ಬೆಳ್ಳಗೈತಿ ಎನ್ನುವ ಬಜಾರಿನ ಹೆಂಗಸನ್ನು ನೋಡುವಂಥದು.

"ಇದು ಅಚ್ಚು. ಅದು ಗೊಂಬಿ," ಎಂದಳು.

"ಏನದು?"

"ನಿಮ್ಮ ಹದಿನಾಲ್ಕು ಅಚ್ಚ್ರೀ. ಹದಿನೈದು ಅದರಾಗಿಂದ ಬಂದ ಗೊಂಬಿ. ನನ್ನ ತಮ್ಮ ಕದ್ದ ಜೋಡಿ ಇಲ್ಲೇ ಒಂದರ ಪಕ್ಕ ಒಂದು ಕುಂತಾವ."

ಪ್ರೊಫೆಸರರು ನಕ್ಕರು. ಓದದವರ ಡಬ್ಬಿಗೆ ಮೀಸಲಿಟ್ಟ ನಗು ಅದು. "ಬಣ್ಣ ನೋಡು. ಕಲ್ಲಿನ ಅಳತೆ ನೋಡು. ಈ ರೆಕ್ಕೆ ಎಡಕ್ಕೆ ತಿರುಗಿದೆ, ಅದು ಬಲಕ್ಕೆ. ನರಗಳನ್ನು ನೋಡು. ಇದರಲ್ಲಿ ತಗ್ಗಾಗಿರುವ ಪ್ರತಿಯೊಂದು ನರವೂ ಅದರಲ್ಲಿ ಉಬ್ಬಾಗಿದೆ, ಉಬ್ಬಾಗಿರುವುದು ತಗ್ಗಾಗಿದೆ. ಒಂದಾದರೂ ಹೋಲುತ್ತದೆಯೇ? ಇದಕ್ಕಿಂತ ಬೇರೆಯಾದ ಎರಡು ಜಾತಿಗಳನ್ನು ನಾನು ಕಂಡೇ ಇಲ್ಲ."

"ಅದನ್ನ ನಾನೂ ಹೇಳಾಕತ್ತೀನ್ರಿ," ಎಂದಳು ಪಕೀರಮ್ಮ. "ಒಂದೂ ಬಿಡದಂಗ ತಿರುಗುಮುರುಗು ಅದಾವ. ಬಣ್ಣ ನಿಮ್ಮ ವಾರ್ನೀಸಿಂದು, ಅಳತಿ ನಿಮ್ಮ ಉಳಿಯಿಂದು. ದೇವರು ಮಾಡಿದ್ದು ಉಳಿದದ್ದು."

ಹೂವಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ಆಕೆಯ ಕೈಯಲ್ಲಿ ಅಕ್ಕಿಯ ಮೊರ ಇರಲಿಲ್ಲ.

ಪಕೀರಮ್ಮ ಸೆರಗಿನ ಗಂಟು ಬಿಚ್ಚಿದಳು. ಮೇಣದ ಉಂಡೆಯನ್ನು ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿ, ಹೂವಮ್ಮ ತಂದುಕೊಟ್ಟ ನೀರಿನಿಂದ ಹದಿನಾಲ್ಕರ ಮೈ ಒದ್ದೆ ಮಾಡಿದಳು; ಒದ್ದೆ ಮಾಡದೆ ಒತ್ತಿದರೆ ಯಾವ ಅಚ್ಚೂ ಬಿಡುವುದಿಲ್ಲ. ಪ್ರೊಫೆಸರರು ಅಡ್ಡ ಬಂದರು. "ಒತ್ತಲಿ ಬಿಡ್ರಿ," ಎಂದಳು ಹೂವಮ್ಮ. ಮನೆ ಯಾರ ಹೆಸರಿನಲ್ಲಿತ್ತೆಂಬುದು ಆ ಕ್ಷಣ ಎಲ್ಲರಿಗೂ ನೆನಪಾದಂತಿತ್ತು. ಪಕೀರಮ್ಮ ಮೇಣ ಒತ್ತಿ ಎಬ್ಬಿಸಿದಳು. ಅದರ ಮೈಮೇಲೆ ಒಂದು ರೆಕ್ಕೆ, ಬಲಕ್ಕೆ ತಿರುಗಿದ ರೆಕ್ಕೆ, ನರನರವೂ ಹದಿನೈದರ ಹಾಗೆಯೇ. ಅಂಚಿನಲ್ಲಿ ಎಂದೋ ಯಾವ ಮುಳ್ಳಿಗೋ ತಗುಲಿ ಹರಿದಿದ್ದ ಒಂದು ಸಣ್ಣ ಹರಕು. ಹದಿನೈದರಲ್ಲೂ ಅದೇ ಜಾಗದಲ್ಲಿ ಅದೇ ಹರಕು.

"ಎರಡು ಜಾತಿ ಹುಳ ಮಾತಾಡಿಕೊಂಡು ಒಂದ ಮುಳ್ಳಿಗೆ ಹೋಗಿದ್ವೇನ್ರಿ?"

ಪ್ರೊಫೆಸರರು ಭೂತಗನ್ನಡಿ ತೆಗೆದುಕೊಂಡರು. ಬಹಳ ಹೊತ್ತು ನೋಡಿದರು. ಸೋತವರಿಗೆ ಹಿಡಿದುಕೊಳ್ಳಲು ಏನಾದರೊಂದು ಸಿಗುತ್ತದಲ್ಲ, ಹಾಗೆ, "ಹಾಗಿದ್ದರೂ ಇದು ಹೊಸ ಜೀರುಂಡೆಯೇ," ಎಂದರು.

"ಇದೇನ್ರಿ ಮತ್ತ?" ಪಕೀರಮ್ಮ ರೆಕ್ಕೆಯ ಹಿಂಭಾಗದ ಮೂಲೆಯ ಮೇಲೆ ಉಗುರಿಟ್ಟಳು. ಬೆರಳು ನಿಂತದ್ದು ಅಲ್ಲೇ. ಎರಡು ನರ ದೂರದಿಂದ ಬಂದು ಕೂಡಿ ಒಂದಾಗಿ ಮುಂದೆ ಹೋಗಿದ್ದವು. ಜಾಲಿ ಕಂಟಿ ಎತ್ತಿ ಬೇಲಿಗೆ ಹಾಕುವ ಕವೆಗೋಲು ಹೇಗಿರುತ್ತದೋ ಹಾಗೆ.

"ಹದಿನಾಲ್ಕರಲ್ಲಿ ಅದು ಕಲ್ಲಿನ ಬಿರುಕು. ಬರೆದಿದ್ದೇನೆ."

"ಹದಿನೈದರಾಗ?"

"ವಾರ್ನೀಸು ಕುಂಚದ ಗೀರು."

"ಕಲ್ಲ ಬಿರಿದಿದ್ರ ಎರಡೂ ಹೋಳಿನ್ಯಾಗ ಸಂದು ಇರಬೇಕಲ್ರಿ. ಇಲ್ಲಿ ತಗ್ಗು, ಅಲ್ಲಿ ಉಬ್ಬು. ಇಲ್ಲಿ ಬಿರುಕು ಕವೆ ಆಗೈತಿ, ಅಲ್ಲಿ ನಿಮ್ಮ ಕುಂಚ ಅದೇ ಜಾಗದಾಗ ಹೋಗಿ ಕವೆ ಬರದೈತಿ. ಭಾಳ ಶಾಣೇ ಕುಂಚ ಬಿಡ್ರಿ."

ಆಗ ಬಾಗಿಲ ಹೊರಗಿನಿಂದ ಬಜಾರಪ್ಪ ಬಾಯಿ ಬಿಟ್ಟ. ಆರು ವರ್ಷದಲ್ಲಿ ಆ ಕೋಣೆಯಲ್ಲಿ ಹೌದ್ರಿ, ತಂದೆನ್ರಿ ಬಿಟ್ಟು ಬೇರೆ ಮಾತು ಅವನು ಆಡಿರಲಿಲ್ಲ.

"ಸಾಹೇಬ್ರ, ಬಂದೋರಿಗೆಲ್ಲ ನೀವ ಹೇಳ್ತೀರಲ್ರಿ. ಹಿಂದಿನ ಎರಡು ನರ ಕೂಡಿದ್ರ ಜಿಗಿಹುಳ, ಕೂಡದ ಬ್ಯಾರೆ ಬ್ಯಾರೆ ಅಂಚಿಗೆ ಹೋದ್ರ ಜೀರುಂಡಿ ಅಂತ. ನಾ ಕೇಳಿ ಕೇಳಿ ಬಾಯಿಪಾಠ ಆಗೈತ್ರಿ."

ಯಾರೂ ಹೇಳದೆಯೇ ಅವನು ಒಳಗೆ ಬಂದ. ಕಿಟಕಿಯ ಕೆಳಗಿನ ಮೂರನೆಯ ಖಾನೆ ಎಳೆದು ಒಂದು ಜೀರುಂಡೆ ತೆಗೆದ, ಏಳನೆಯ ಖಾನೆಯಿಂದ ಜೋಳದ ಸುಳಿಯಲ್ಲಿ ಸಿಗುವ ಜಿಗಿಹುಳ ತೆಗೆದ. ಎರಡನ್ನೂ ಭೂತಗನ್ನಡಿಯ ಕೆಳಗಿಟ್ಟ. ಜೀರುಂಡೆಯ ಎರಡು ನರ ಮುನಿಸಿಕೊಂಡ ವಾರಗಿತ್ತಿಯರ ಹಾಗೆ ಬೇರೆ ಬೇರೆ ಹೋಗಿದ್ದವು. ಜೋಳದ ಹುಳದ್ದು ಕೂಡಿದ್ದವು.

ಪಕೀರಮ್ಮ ಬಗ್ಗಿ ನೋಡಿ ಗುರುತು ಹಿಡಿದಳು. ಈ ಹುಳವನ್ನು ಆಕೆ ವರ್ಷಾ ವರ್ಷಾ ಜೋಳದ ಸುಳಿಯಿಂದ ತೋಳಿನ ಮೇಲೆ ಹಾರಿಸಿಕೊಂಡವಳು. ಅದು ರಸ ಹೀರಿ ಎಲೆಯ ಮೇಲೆ ಬಿಟ್ಟ ಅಂಟು ತಿಕ್ಕಿ ತೊಳೆದವಳು. "ಇವನಾ? ಇವನ ಅಪ್ಪನೇನು ಅಲ್ಲಿ ಕಲ್ಲಾಗ್ಯಾನ? ಈಗೂ ಹಂಗ ಜಿಗೀತಾನ ನೋಡ್ರಿ, ಕೋಟಿ ವರ್ಷ ಆದ್ರೂ ಬುದ್ಧಿ ಬಂದಿಲ್ಲ."

"ಅದು ಇವತ್ತಿನ ಹುಳ. ಇದು ಕೋಟಿ ವರ್ಷದ್ದು," ಎಂದರು ಪ್ರೊಫೆಸರರು. ದನಿ ಇಳಿದಿತ್ತು.

"ಕೋಟಿ ವರ್ಷದ ಹಿಂದೆ ಕವೆ ಇರಬಾರದು ಅಂತ ಕಾಯ್ದಿ ಐತೇನ್ರಿ?"

ಅವರು ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು.

ಆರು ದಿನ ಸುದ್ದಿಯಿಲ್ಲ. ಹುಣ್ಣಿಮೆಯ ಹಿಂದಿನ ದಿನ ಬಜಾರಪ್ಪನನ್ನು ಕರೆಸಿದರು. ಅವನು ಅಲ್ಲಿಂದ ಓಡುತ್ತಲೇ ಅಕ್ಕನ ಮನೆಗೆ ಬಂದ. ಮುಖ ಅರಳಿತ್ತು. "ಅಕ್ಕ, ಸಾಹೇಬ್ರು ಕ್ಷಮಿಸ್ಯಾರ. ಠಾಣೆಗೆ ಬರಿಯಂಗಿಲ್ಲಂತ. ಸೋಮವಾರದಿಂದ ಕೆಲಸಕ್ಕ ಬಾ ಅಂದಾರ."

ಪಕೀರಮ್ಮ ಅಚ್ಚಿನ ದಾರ ಬಿಚ್ಚುತ್ತಿದ್ದಳು. ಎರಡು ಹೋಳು ಬೇರೆಯಾಗಿ ನಡುವೆ ಬೆಳ್ಳನೆಯ ನವಿಲು ನಿಂತಿತು. "ಏನು ಮಾಡಿದ್ದಕ್ಕ ಕ್ಷಮಿಸ್ಯಾರ?"

"ಅದ... ಕಲ್ಲಿನ ಮಾತು."

"ನೀ ಕದ್ದಿದ್ದೇನು?"

"ಇಲ್ಲ."

"ಕದಿಯದವನನ್ನ ಕ್ಷಮಿಸಿದ್ರ ಕದ್ದಾನ ಅಂತ ಆಯ್ತಲ್ಲಲೇ. ಈಗ ಊರೆಲ್ಲ ಏನಂತೈತಿ? ಬಜಾರ ಕದ್ದ, ಅಯ್ಯನವ್ರು ಭಾಳ ದೊಡ್ಡೋರು, ಹೊಟ್ಟಿಗೆ ಹಾಕ್ಕೊಂಡ್ರು. ಕೋಸಗಿಯವರು ಕ್ಷಮೆ ತಗೊಂಡು ಏನ್ ಮಾಡ್ತಾರ? ಕಳ್ಳನ ಮಗಳನ್ನ, ಕ್ಷಮಿಸಿದ ಕಳ್ಳನ ಮಗಳು ಅಂತ ಕರೀತಾರ. ಕೂಡು. ಸೋಮವಾರ ಹೋಗಬ್ಯಾಡ."

"ಹೋಗದಿದ್ರ ಕೆಲಸ ಹೋಗ್ತೈತಕ್ಕ."

"ಹೋಗಲಿ. ಹರಿವಾಣಂದಾಗ ಜೋಳ ಐತಿ."

ಬಜಾರಪ್ಪನಿಗೆ ಅಕ್ಕನ ಭಯ ಸಾಹೇಬರ ಭಯಕ್ಕಿಂತ ಹಳೆಯದು. ಅವನು ಸೋಮವಾರ ಹೋಗಲಿಲ್ಲ. ಮಂಗಳವಾರವೂ ಹೋಗಲಿಲ್ಲ. ಮಾಳಿಗೆ ಮನೆಯಲ್ಲಿ ಡಬ್ಬಿಗಳು ಉರುಳುವ ಸದ್ದು ಎಣ್ಣೆ ಅಂಗಡಿಯವರೆಗೂ ಕೇಳಿಸಿತೆಂದು ಹುಸೇನಮ್ಮ ಸುದ್ದಿ ತಂದಳು. ಕಲ್ಕತ್ತೆಯ ಪಂಡಿತರು ಗುರುವಾರ ಬರುವವರಿದ್ದರು. ಪ್ರೊಫೆಸರರಿಗೆ ಮುನ್ನೂರು ಡಬ್ಬಿಗಳಲ್ಲಿ ಬೇಕಾದ ಒಂದೂ ಸಿಗುತ್ತಿರಲಿಲ್ಲ. ಚೀಟಿ ಅಂಟಿಸಿದ್ದು ಅವರು. ಎಲ್ಲಿಟ್ಟದ್ದೆಂಬುದು ಬಜಾರಪ್ಪನ ತಲೆಯಲ್ಲಿತ್ತು.

ಬುಧವಾರ ಮುಂಜಾನೆ ಮಿಲ್ಲಿನ ಕೂಗು ಮುಗಿದ ಹೊತ್ತಿಗೆ ಪ್ರೊಫೆಸರ್ ಚನ್ನಬಸಯ್ಯನವರು ಕೊಡೆ ಹಿಡಿದು ಕೋಟೆ ಓಣಿಗೆ ಬಂದರು. ಆ ಓಣಿಗೆ ಅವರು ಬಂದದ್ದು ಅದೇ ಮೊದಲು. ನಲ್ಲಿ ನೀರಿಗೆ ಕೊಡ ಸಾಲಿಟ್ಟು ಹೆಂಗಸರೆಲ್ಲ ನಿಂತಿದ್ದರು. ಪಕೀರಮ್ಮ ಹೊಸ್ತಿಲಲ್ಲಿ ಕೂತು ಅಚ್ಚು ಒರೆಸುತ್ತಿದ್ದವಳು ಎದ್ದು ಸೆರಗು ಹೊದ್ದುಕೊಂಡಳು. ಮರ್ಯಾದೆಗೆ ಕಡಿಮೆ ಮಾಡಲಿಲ್ಲ.

"ಬರ್ರಿ ಅಯ್ಯನವ್ರ. ಬಜಾರ ಒಳಗ ಅದಾನ್ರಿ."

"ಅವನನ್ನು ಕಳಿಸು. ಕ್ಷಮಿಸಿದ್ದೇನೆಂದು ಹೇಳಿ ಕಳಿಸಿದ್ದೆನಲ್ಲ."

"ಹೇಳಿದಾನ್ರಿ. ಏನು ಕಳೆದಿತ್ರಿ ನಿಮ್ಮದು?"

ಪ್ರೊಫೆಸರರು ಸುತ್ತ ನೋಡಿದರು. ಕೊಡಗಳು ತುಂಬಿ ಹರಿಯುತ್ತಿದ್ದವು, ಯಾರೂ ತೆಗೆಯುತ್ತಿರಲಿಲ್ಲ. "ಎರಡು ಕಲ್ಲು," ಎಂದರು.

"ಸಿಕ್ಕವೇನ್ರಿ?"

"ಸಿಕ್ಕವು."

"ಎಲ್ಲಿದ್ವ್ರಿ?"

"ಮೇಜಿನ ಮೇಲೆ."

"ಯಾರ ಮೇಜ್ರಿ?"

ಕೊಡೆಯ ಹಿಡಿ ಒಂದು ಸಲ ಈ ಕೈಗೆ, ಒಂದು ಸಲ ಆ ಕೈಗೆ ಹೋಯಿತು. "ನನ್ನ ಮೇಜು. ಕಲ್ಲು ಕಳೆದಿರಲಿಲ್ಲ. ಬಜಾರಪ್ಪ ಕದ್ದಿಲ್ಲ," ಎಂದರು ಪ್ರೊಫೆಸರರು. ತಮ್ಮ ಜೀವಮಾನದಲ್ಲಿ ಅವರು ಆಡಿದ ಅತಿ ಚಿಕ್ಕ ಪಾಠ ಅದು. ಎಲ್ಲರಿಗೂ ತಿಳಿದ ಪಾಠವೂ ಅದೊಂದೇ.

"ಹುಸೇನಮ್ಮ, ಕೇಳಿದೇನ?" ಎಂದಳು ಪಕೀರಮ್ಮ. "ನಿಮ್ಮ ಅಣ್ಣ ಕೋಸಗಿ ಟೇಸನ್ನಿನಾಗ ಅದಾನಲ್ಲ. ಮೊನ್ನೆ ಮಧ್ಯಾಹ್ನದ ರೈಲಿಗೆ ಸುದ್ದಿ ಹಾಕಿದಂಗ ಇವತ್ತೂ ಹಾಕು." ಹುಸೇನಮ್ಮ ಕೊಡ ಎತ್ತಿಕೊಂಡು ತಲೆ ತಗ್ಗಿಸಿದಳು. ಆದರೆ ಸುದ್ದಿ ಹಾಕಿದಳು. ಒಳ್ಳೆಯ ಸುದ್ದಿಯಾದ್ದರಿಂದ ಅದು ಸಂಜೆಯ ರೈಲಿಗೆ ಹೋಯಿತು. ಮಾಘ ಮಾಸದಲ್ಲಿ ಬಜಾರಪ್ಪನ ಮಗಳ ಮದುವೆ ಕೋಸಗಿಯಲ್ಲೇ ಆಯಿತು.

ಕಲ್ಕತ್ತೆಯ ಪಂಡಿತರು ಬಂದರು, ನೋಡಿದರು, ಎರಡು ಕಲ್ಲನ್ನು ಒಂದರ ಮೇಲೊಂದು ಇಟ್ಟು ತಲೆಯಾಡಿಸಿದರು. ಮರುವರ್ಷ ಪ್ರೊಫೆಸರರು ಇನ್ನೊಂದು ಲೇಖನ ಅಚ್ಚು ಹಾಕಿಸಿದರು. ದೀರ್ಘವಾದ ಮರುಪರಿಶೀಲನೆಯಿಂದ ತಮಗೆ ಹೊಳೆದದ್ದೇನೆಂದರೆ ಎರಡು ಜಾತಿಗಳೂ ಒಂದೇ, ಅದು ಜೀರುಂಡೆಯ ಕುಲದ್ದಲ್ಲ, ಹಿಂದಿನ ನರಗಳ ಕವಲಿನಿಂದ ಅದನ್ನು ಜಿಗಿಹುಳಗಳ ಕುಲಕ್ಕೆ ಸೇರಿಸಿದ್ದೇನೆ ಎಂದು ಬರೆದರು. ಹೊಳೆಯುವಂತೆ ಒತ್ತಿದ ಮೇಣದ ಹೆಸರು ಅದರಲ್ಲಿರಲಿಲ್ಲ, ಮೇಣ ತಂದವಳದೂ ಇರಲಿಲ್ಲ. ಆದರೆ ಆ ವಿದ್ಯೆಗೆ ಒಂದು ನಿಯಮವಿದೆಯಂತೆ. ಎರಡು ಹೆಸರಿನ ಹುಳ ಒಂದೇ ಎಂದಾದರೆ ಮೊದಲು ಅಚ್ಚಾದ ಹೆಸರು ಉಳಿಯುತ್ತದೆ, ಎರಡನೆಯದು ಬಿದ್ದುಹೋಗುತ್ತದೆ. ಮೊದಲು ಅಚ್ಚಾದದ್ದು ಮಾವನದು. ಚನ್ನಬಸಯ್ಯನವರು ತಮ್ಮ ಕೈಯಿಂದಲೇ ತಮ್ಮ ಮನೆದೇವರ ಹೆಸರಿಗೆ ಅಡ್ಡಗೆರೆ ಎಳೆದು, ಕೋಟಿ ವರ್ಷದ ಆ ಕಲ್ಲಿನ ಮನೆಯನ್ನೂ ಮಾವನ ಹೆಸರಿಗೇ ಬರೆದುಕೊಡಬೇಕಾಯಿತು. ಮತ್ತೆ ಕೆಲಸಕ್ಕೆ ಸೇರಿದ್ದ ಬಜಾರಪ್ಪ ಇದನ್ನು ಬಂದು ಹೇಳಿದ ದಿನ ಪಕೀರಮ್ಮ ನಕ್ಕಳೆನ್ನುತ್ತಾರೆ. ಸದ್ದು ಮಾಡಿ ನಕ್ಕದ್ದನ್ನು ಓಣಿಯವರು ಕೇಳಿದ್ದು ಅಪರೂಪ.

ಆ ಮೇಣದ ರೆಕ್ಕೆಯನ್ನು ಆಕೆ ಕರಗಿಸಲಿಲ್ಲ. ಆನೆ, ಒಂಟೆಯ ಅಚ್ಚುಗಳ ನಡುವೆ ಪೆಟ್ಟಿಗೆಯಲ್ಲಿ ಅದೂ ಇರುತ್ತಿತ್ತು. ಮುಂದಿನ ಹುಣ್ಣಿಮೆಗಳಲ್ಲಿ ಕಲಿಯಲು ಬಂದ ಹುಡುಗಿಯರು ಅದನ್ನು ಎತ್ತಿ, ಇದು ಯಾವ ಗೊಂಬಿ ಅಜ್ಜಿ ಎಂದು ಕೇಳುವರು.

"ಅದು ಪ್ರೊಫೆಸರ್ರ ಮಾವ," ಎನ್ನುವಳು ಪಕೀರಮ್ಮ, ಪಾಕದಿಂದ ಕಣ್ಣು ತೆಗೆಯದೆ. "ದೂರ ನಿಂತು ಏನ್ ನೋಡ್ತಿ? ಮುಟ್ಟು."